ಮತದಾನದಲ್ಲಿ ಔಚಿತ್ಯವಿಚಾರ

1

ಪ್ರಜಾಪ್ರಭುತ್ವವನ್ನು ಕುರಿತ ಗ್ರಂಥಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಗೆ ವಿಸ್ತಾರವಾದ ಉತ್ತರ ದೊರೆಯುತ್ತದೆ. ಮತಾಧಿಕಾರ ಯಾರಿಗೆ ಇರಬೇಕು ಎಂಬುದು ಮೊದಲನೆಯದು. ಚುನಾಯಿತನಾದ ಪ್ರತಿನಿಧಿ ಹೇಗೆ ನಡೆದುಕೊಳ್ಳಬೇಕು ಎಂಬುದು ಎರಡನೆಯದು. ಇವೆರಡರ ನಡುವೆ ಇನ್ನೊಂದು ಪ್ರಶ್ನೆಯಿದೆ. ಮತಗಟ್ಟೆಗೆ ಹೊರಟ ಪ್ರಜೆಯ ಮುಂದೆ ಹತ್ತಾರು ವಿಷಯಗಳು ಒಮ್ಮೆಲೇ ಬಂದು ನಿಲ್ಲುತ್ತವೆ: ಅನ್ನ, ನೀರು, ವಸತಿ, ವಿದ್ಯೆ, ತೆರಿಗೆ, ಗಡಿರಕ್ಷಣೆ, ಭಾಷೆ, ಅಭ್ಯರ್ಥಿಯ ನಡತೆ, ಪಕ್ಷದ ಧೋರಣೆ. ಅವನ ಕೈಯಲ್ಲಿರುವ ಮತವಾದರೋ ಒಂದೇ. ಈ ಒಂದು ಮತವನ್ನು ಯಾವ ವಿಷಯಕ್ಕಾಗಿ ಕೊಡಬೇಕು, ಯಾವುದನ್ನು ಹಿಂದಕ್ಕೆ ಸರಿಸಬೇಕು ಎಂಬುದೇ ಆ ಪ್ರಶ್ನೆ.

ಇದನ್ನು ಪ್ರಜೆಯ ವಿವೇಕಕ್ಕೆ ಬಿಟ್ಟುಬಿಡೋಣ ಎನ್ನುವುದು ಸುಲಭ. ಆದರೆ ವಸ್ತುಸ್ಥಿತಿ ಹಾಗಿಲ್ಲ. ಪ್ರಜೆ ತಾನಾಗಿ ನಿರ್ಣಯಿಸುವುದಕ್ಕೆ ಮೊದಲೇ ಬೇರೊಬ್ಬರು ಅವನ ಪರವಾಗಿ ಅದನ್ನು ನಿರ್ಣಯಿಸಿರುತ್ತಾರೆ. ಈ ಚುನಾವಣೆಯ ಮುಖ್ಯ ವಿಷಯ ಇಂಥದು ಎಂದು ವೇದಿಕೆಯಿಂದ ಸಾರುವವನು ತನಗೆ ಅನುಕೂಲವಾದುದನ್ನೇ ಮುಖ್ಯವೆನ್ನುವುದು ಸಹಜ. ಗಟ್ಟಿಯಾಗಿ ಕೇಳಿಸಿದ ವಿಷಯ ಗುರುತರವಾದ ವಿಷಯವೆಂದು ತೋರುವುದೂ ಅಷ್ಟೇ ಸಹಜ. ಆದಕಾರಣ ವಿಷಯಗಳ ತಾರತಮ್ಯವನ್ನು ಅಳೆಯುವುದಕ್ಕೆ ಪ್ರಜೆಯ ಬಳಿ ತನ್ನದೇ ಆದ ಕೆಲವು ಮಾನದಂಡಗಳಿರಬೇಕು.

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೊಂದು ಉಪಯುಕ್ತವಾದ ಮಾತಿದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಗುಣವಾಗಲಿ ಅಲಂಕಾರವಾಗಲಿ ತನ್ನಷ್ಟಕ್ಕೆ ಶ್ರೇಷ್ಠವಲ್ಲ. ತನಗೆ ಉಚಿತವಾದ ಸ್ಥಾನದಲ್ಲಿ ನಿಂತಾಗಲೇ ಅದಕ್ಕೆ ಬೆಲೆ ಎಂಬುದು ಅವನ ವಾದದ ಸಾರ. ರಾಜಕೀಯ ವಿಷಯಗಳಿಗೂ ಈ ಮಾತು ಸಲ್ಲುತ್ತದೆ. ಗಡಿಯ ಪ್ರಶ್ನೆ ದೊಡ್ಡದೋ ನಲ್ಲಿಯ ನೀರಿನ ಪ್ರಶ್ನೆ ದೊಡ್ಡದೋ ಎಂದು ಬರಿದೆ ಕೇಳುವುದರಲ್ಲಿ ಅರ್ಥವಿಲ್ಲ. ಯಾವ ಸ್ಥಾನಕ್ಕೆ, ಯಾವ ಕಾಲದಲ್ಲಿ, ಯಾವ ರೂಪದಲ್ಲಿ ಆ ಪ್ರಶ್ನೆ ಎದ್ದಿದೆ ಎಂಬುದರ ಮೇಲೆ ಅದರ ಹಿರಿಮೆ ನಿಲ್ಲುತ್ತದೆ. ಪ್ರಕೃತ ಲೇಖನದಲ್ಲಿ ಈ ದೃಷ್ಟಿಯಿಂದ ಎರಡು ಪ್ರಸಿದ್ಧ ಪಾಶ್ಚಾತ್ಯ ವಾದಗಳನ್ನೂ, ಬಳಿಕ ನಮ್ಮ ದೇಶದ ಕೆಲವು ಚುನಾವಣೆಗಳನ್ನೂ ವಿಮರ್ಶಿಸಲು ಯತ್ನಿಸಿದೆ. ಮುಂಬಯಿಯ ನಿದರ್ಶನಗಳನ್ನು ಹೆಚ್ಚಾಗಿ ತೆಗೆದುಕೊಂಡಿರುವುದಕ್ಕೆ ಕಾರಣವುಂಟು; ನಾಡಿನಿಂದ ಹೊರಗೆ ನೆಲೆಸಿದ ಕನ್ನಡಿಗರಿಗೆ ಈ ಪ್ರಶ್ನೆ ಬಹು ತೀಕ್ಷ್ಣವಾಗಿ ಎದುರಾದುದು ಅಲ್ಲಿಯೇ.

2

ಎಡ್ಮಂಡ್ ಬರ್ಕನು 1774ರ ನವೆಂಬರ್ 3ರಂದು ಬ್ರಿಸ್ಟಲ್ ನಗರದ ಮತದಾರರನ್ನು ಉದ್ದೇಶಿಸಿ ಮಾಡಿದ ಭಾಷಣ ಪ್ರಾತಿನಿಧ್ಯತತ್ತ್ವದ ಒಂದು ಮೂಲಗ್ರಂಥವೆನ್ನುವಷ್ಟು ಪ್ರಸಿದ್ಧವಾಗಿದೆ. ಅವನೊಡನೆ ಆರಿಸಿಬಂದ ಕ್ರೂಗರ್ ಎಂಬಾತನು ಮತದಾರರ ಆಜ್ಞೆಯಂತೆ ನಡೆಯುವೆನೆಂದು ಒಪ್ಪಿಕೊಂಡಿದ್ದನು. ಬರ್ಕನು ಒಪ್ಪಲಿಲ್ಲ. ಪ್ರತಿನಿಧಿ ತನ್ನ ದುಡಿಮೆಯನ್ನಷ್ಟೇ ಅಲ್ಲ, ತನ್ನ ಸ್ವತಂತ್ರ ವಿವೇಚನೆಯನ್ನೂ ಮತದಾರರಿಗೆ ಸಲ್ಲಿಸಬೇಕಾದವನು. ಪಾರ್ಲಿಮೆಂಟು ಬೇರೆ ಬೇರೆ ಹಿತಗಳ ದೂತರು ಕೂಡುವ ಸಂತೆಯಲ್ಲ, ಒಂದು ರಾಷ್ಟ್ರದ ವಿಚಾರಸಭೆ ಎಂಬುದು ಅವನ ಅಭಿಪ್ರಾಯ.

ಈ ವಾದ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಪ್ರತಿನಿಧಿಯ ಧರ್ಮವನ್ನು ಹೇಳಿ ಮತದಾರನ ಧರ್ಮವನ್ನು ಹೇಳದೆ ಬಿಡುತ್ತದೆ. ಯೋಗ್ಯನೊಬ್ಬನನ್ನು ಆರಿಸಿದ ಮೇಲೆ ಮತದಾರನ ಕೆಲಸ ಮುಗಿಯಿತೆಂಬ ಭಾವನೆ ಅದರಲ್ಲಿ ಅಂತರ್ಗತವಾಗಿದೆ. ಬ್ರಿಸ್ಟಲಿನವರು ಹಾಗೆ ಭಾವಿಸಲಿಲ್ಲ. 1780ರಲ್ಲಿ ಅವರು ಬರ್ಕನ ಮೇಲೆ ಹೊರಿಸಿದ ಆಕ್ಷೇಪಗಳು ಇವು: ಕ್ಷೇತ್ರಕ್ಕೆ ಪದೇ ಪದೇ ಬರಲಿಲ್ಲ, ಐರ್ಲೆಂಡಿನ ವ್ಯಾಪಾರಕ್ಕೆ ಇದ್ದ ನಿರ್ಬಂಧಗಳನ್ನು ಸಡಿಲಿಸಲು ಒಪ್ಪಿದನು, ಸಾಲಗಾರರ ಸೆರೆವಾಸವನ್ನು ಕುರಿತ ಕಾನೂನಿನಲ್ಲಿ ದಯೆ ತೋರಿದನು, ಕ್ಯಾಥೊಲಿಕರ ಮೇಲಿನ ಕಠಿಣ ಶಾಸನಗಳನ್ನು ತೆಗೆಯಲು ಬೆಂಬಲ ಕೊಟ್ಟನು. ಗೆಲ್ಲುವ ಭರವಸೆಯಿಲ್ಲದೆ ಬರ್ಕನು ಕಣದಿಂದ ಹಿಂದೆಗೆದು ಬೇರೊಂದು ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋಗಬೇಕಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಐರ್ಲೆಂಡಿನ ವರ್ತಕರಿಗಾಗಲಿ ಇಂಗ್ಲೆಂಡಿನ ಕ್ಯಾಥೊಲಿಕರಿಗಾಗಲಿ ಬ್ರಿಸ್ಟಲಿನಲ್ಲಿ ಮತವಿರಲಿಲ್ಲ. ಮತವಿದ್ದವರ ಲಾಭ ಒಂದು ಕಡೆ, ಮತವಿಲ್ಲದವರ ನ್ಯಾಯ ಇನ್ನೊಂದು ಕಡೆ ನಿಂತಾಗ ಮತದಾರರು ಯಾವುದನ್ನು ಮುಖ್ಯವೆಂದು ಎಣಿಸಿದರೆಂಬುದು ಸ್ಪಷ್ಟವಾಗಿದೆ. ಹುಟ್ಟೂರನ್ನು ಮಾತ್ರ ಅವರು ಮೊದಲು ಕೇಳಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಬರ್ಕನು ಡಬ್ಲಿನ್ನಿನವನು, ಕ್ರೂಗರನು ನ್ಯೂಯಾರ್ಕಿನಲ್ಲಿ ಹುಟ್ಟಿದವನು.

ಜಾನ್ ಸ್ಟುವರ್ಟ್ ಮಿಲ್ಲನು 1861ರಲ್ಲಿ ಪ್ರಕಟಿಸಿದ ಪ್ರತಿನಿಧಿ ಸರ್ಕಾರವನ್ನು ಕುರಿತ ಗ್ರಂಥದಲ್ಲಿ ಮತದಾರನ ಕಡೆಗೆ ತಿರುಗುತ್ತಾನೆ. ಮತವು ಸ್ವಂತ ಸೊತ್ತಲ್ಲ, ಸಾರ್ವಜನಿಕರು ವಹಿಸಿಕೊಟ್ಟ ನ್ಯಾಸ. ಅದನ್ನು ನ್ಯಾಯದರ್ಶಿಯು ತೀರ್ಪು ಕೊಡುವಂತೆ ಕೊಡಬೇಕು ಎಂಬುದು ಅವನ ಸಿದ್ಧಾಂತ. 1865ರಲ್ಲಿ ವೆಸ್ಟ್‌ಮಿನ್‌ಸ್ಟರಿನಿಂದ ಸ್ಪರ್ಧಿಸಿದಾಗ ಅವನು ಮತಯಾಚನೆಗಾಗಲಿ ಹಣದ ವೆಚ್ಚಕ್ಕಾಗಲಿ ಒಪ್ಪಲಿಲ್ಲ. ಸ್ಥಳೀಯ ಹಿತಗಳಿಗಾಗಿ ತನ್ನ ಕಾಲವನ್ನು ಕೊಡಲಾರೆನೆಂದೂ ಸ್ತ್ರೀಯರಿಗೆ ಮತಾಧಿಕಾರ ಸಲ್ಲಬೇಕೆಂಬುದು ತನ್ನ ಮತವೆಂದೂ ಮೊದಲೇ ತಿಳಿಸಿದನು. ಜನ ಅವನನ್ನು ಗೆಲ್ಲಿಸಿದರು. 1867ರಲ್ಲಿ ಅವನು ತಂದ ಸ್ತ್ರೀ ಮತಾಧಿಕಾರದ ತಿದ್ದುಪಡಿಗೆ 73 ಮತಗಳು ಬಿದ್ದುವು. 1868ರಲ್ಲಿ ಅವನೇ ಸೋತನು.

ಮಿಲ್ಲನ ಸಿದ್ಧಾಂತ ಬರ್ಕನದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಆದರೂ ಅದರಲ್ಲಿ ಒಂದು ದೊಡ್ಡ ಬಿರುಕಿದೆ. ಪ್ರಜೆ ಸಾರ್ವಜನಿಕ ಹಿತವನ್ನು ನೋಡಬೇಕೆಂದ ಮಿಲ್ಲನಿಗೆ ಸಾಮಾನ್ಯ ಪ್ರಜೆ ಅದನ್ನು ಕಂಡಾನು ಎಂಬ ನಂಬಿಕೆ ಇರಲಿಲ್ಲ. ಆದುದರಿಂದ ವಿದ್ಯಾವಂತರಿಗೆ ಒಂದಕ್ಕಿಂತ ಹೆಚ್ಚು ಮತಗಳಿರಲಿ ಎಂದನು. ವಿದ್ಯೆಗೂ ವಿಷಯಗಳ ತಾರತಮ್ಯಜ್ಞಾನಕ್ಕೂ ಅಂಥ ನೇರ ಸಂಬಂಧವಿಲ್ಲ. ಪದವೀಧರನಿಗೆ ನೀರಿನ ಪ್ರಶ್ನೆ ಗೌಣವಾಗಿ ತೋರಿದರೆ ಅದು ಅವನ ಪದವಿಯ ಫಲವಲ್ಲ, ಅವನ ಮನೆಯಲ್ಲಿ ನಲ್ಲಿ ಇರುವುದರ ಫಲ. 1823ರಿಂದ 1858ರ ವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ದುಡಿದ ಮಿಲ್ಲನು ಅದೇ ಗ್ರಂಥದಲ್ಲಿ ಭಾರತೀಯರು ಪ್ರತಿನಿಧಿ ಸರ್ಕಾರಕ್ಕೆ ಇನ್ನೂ ಸಿದ್ಧರಾಗಿಲ್ಲವೆಂದು ಎಣಿಸಿದುದನ್ನು ನೆನೆದರೆ ಈ ಬಿರುಕಿನ ಅಗಲ ನಮಗೆ ತಿಳಿದೀತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಜನರಿಗೆ ವಿದ್ಯೆ, ಆಸ್ತಿ, ಲಿಂಗ ಯಾವುದನ್ನೂ ಕೇಳದೆ ಒಂದೊಂದು ಮತವನ್ನು ಕೊಟ್ಟು ನಮ್ಮ ದೇಶ ಅವನಿಗೆ ಉತ್ತರ ಹೇಳಿತು.

3

ಬರ್ಕ್ ಮತ್ತು ಮಿಲ್ಲರ ಮುಂದೆ ಇದ್ದುದು ಒಂದೇ ಸಭೆ. ನಮ್ಮ ಪ್ರಜೆಯಾದರೋ ನಗರಸಭೆಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ, ಲೋಕಸಭೆಗೆ ಒಮ್ಮೆ ಮತ ಕೊಡುತ್ತಾನೆ. ಸಂವಿಧಾನದ ಏಳನೆಯ ಅನುಸೂಚಿ ಕೇಂದ್ರದ ಅಧಿಕಾರ, ರಾಜ್ಯದ ಅಧಿಕಾರ, ಇಬ್ಬರಿಗೂ ಸೇರಿದ ಅಧಿಕಾರ ಎಂದು ವಿಷಯಗಳನ್ನು ಮೂರು ಪಟ್ಟಿಗಳಲ್ಲಿ ಹಂಚಿದೆ. 1992ರ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿ ನಗರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹೇಳುತ್ತದೆ. ಮತಕ್ಕೆ ಹೊರಡುವ ಮುನ್ನ ಈ ಪಟ್ಟಿಗಳ ಸ್ಥೂಲಜ್ಞಾನವಾದರೂ ಇರಬೇಕು. ಕೊಡಲಾರದ ಸ್ಥಾನದಲ್ಲಿರುವವನನ್ನು ಕೇಳುವುದೂ, ಕೊಡಬಲ್ಲವನನ್ನು ಕೇಳದೆ ಬಿಡುವುದೂ ಸಮಾನವಾದ ತಪ್ಪುಗಳು. ವಿಷಯವು ಸ್ಥಾನಕ್ಕೆ ತಕ್ಕುದಾಗಿರಬೇಕೆಂಬ ಈ ಮೊದಲ ಮಾನದಂಡವನ್ನು ಸ್ಥಾನೌಚಿತ್ಯವೆನ್ನೋಣ.

ನಮ್ಮವರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕನ್ನಡ ಶಾಲೆಗಳ ಸಂಗತಿಯನ್ನೇ ನೋಡಬಹುದು. ಮುಂಬಯಿಯ ಮಹಾನಗರಪಾಲಿಕೆ ಮರಾಠಿ, ಗುಜರಾತಿ, ಉರ್ದು, ಹಿಂದಿ, ತಮಿಳು, ತೆಲುಗುಗಳ ಜೊತೆಗೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಸಂವಿಧಾನಕ್ಕೆ 1956ರಲ್ಲಿ ಸೇರಿದ 350-ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ ಕಲ್ಪಿಸಲು ಯತ್ನಿಸುವ ಹೊಣೆಯನ್ನು ರಾಜ್ಯದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ. ಹೀಗಿರಲು ಕನ್ನಡ ಶಾಲೆಯ ಅಧ್ಯಾಪಕರ ನೇಮಕ, ತರಗತಿಗಳ ಉಳಿವು, ಪಠ್ಯಪುಸ್ತಕ ಇವು ಪಾಲಿಕೆಯ ಚುನಾವಣೆಯಲ್ಲೂ ವಿಧಾನಸಭೆಯ ಚುನಾವಣೆಯಲ್ಲೂ ಎತ್ತಬೇಕಾದ ವಿಷಯಗಳು. ಪಾಲಿಕೆಯ ಚುನಾವಣೆಯ ದಿನ ಮನೆಯಲ್ಲಿ ಕುಳಿತು ಲೋಕಸಭೆಯ ಅಭ್ಯರ್ಥಿಯ ಮುಂದೆ ಕನ್ನಡ ಶಾಲೆಯ ಅಹವಾಲನ್ನಿಡುವವರು ಆ ಶಾಲೆಗೆ ಉಪಕಾರ ಮಾಡಿದಂತಾಗಲಿಲ್ಲ.

ಸ್ಥಾನದ ವಿಚಾರದಲ್ಲಿ ಇನ್ನೊಂದು ಅಂಶವಿದೆ. 1985ರಲ್ಲಿ ಸೇರಿಸಲಾದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಸದನದಲ್ಲಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಣಕ್ಕಾಗಿ ನಡೆಯುತ್ತಿದ್ದ ಪಕ್ಷಾಂತರವನ್ನು ತಡೆಯುವುದು ಅದರ ಉದ್ದೇಶ. ಆದರೆ ಅದರಿಂದ ಬರ್ಕನು ಹೇಳಿದ ಸ್ವತಂತ್ರ ವಿವೇಚನೆಯ ಪ್ರತಿನಿಧಿಗೆ ನಮ್ಮ ಸದನಗಳಲ್ಲಿ ಎಡೆ ಬಹಳ ಕಿರಿದಾಯಿತು. ಕಾನೂನು ರಚನೆಯ ವಿಷಯದಲ್ಲಿ ಅಭ್ಯರ್ಥಿಯ ಸ್ವಂತ ಅಭಿಪ್ರಾಯಕ್ಕಿಂತ ಅವನ ಪಕ್ಷದ ನಿಲುವನ್ನು ಹೆಚ್ಚಾಗಿ ತೂಗುವುದು ಈಗ ಅನಿವಾರ್ಯ. ನಗರದ ವಾರ್ಡಿನ ಕೆಲಸದಲ್ಲಾದರೋ ವ್ಯಕ್ತಿಯ ಶ್ರದ್ಧೆಗೆ ಇನ್ನೂ ಬೆಲೆಯಿದೆ.

4

ವಿಷಯ ಸ್ಥಾನಕ್ಕೆ ತಕ್ಕುದಾಗಿದ್ದ ಮಾತ್ರದಿಂದ ಎಲ್ಲವೂ ಸರಿಹೋಗುವುದಿಲ್ಲ. ಆ ವಿಷಯವನ್ನು ಯಾವ ರೂಪದಲ್ಲಿ ಕೇಳಲಾಯಿತು ಎಂಬುದೂ ಅಷ್ಟೇ ಮುಖ್ಯ. 1962ರಲ್ಲಿ ಉತ್ತರ ಮುಂಬಯಿ ಕ್ಷೇತ್ರದಲ್ಲಿ ನಡೆದ ಲೋಕಸಭೆಯ ಚುನಾವಣೆ ಇದಕ್ಕೆ ಒಳ್ಳೆಯ ದೃಷ್ಟಾಂತ.

ಅಂದು ರಕ್ಷಣಾ ಮಂತ್ರಿಗಳಾಗಿದ್ದ ವಿ. ಕೆ. ಕೃಷ್ಣ ಮೆನನ್ನರು ಕಾಂಗ್ರೆಸ್ಸಿನ ಅಭ್ಯರ್ಥಿ. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದು ಬಳಿಕ ಅದನ್ನು ತೊರೆದಿದ್ದ ಆಚಾರ್ಯ ಕೃಪಲಾನಿಯವರು ಎದುರಾಳಿ. 1959ರಲ್ಲಿ ಲೋಂಗ್ಜು ಮತ್ತು ಕೊಂಗ್ಕಾ ಕಣಿವೆಯಲ್ಲಿ ಚೀನೀ ಸೈನಿಕರೊಡನೆ ಸಂಘರ್ಷಗಳಾಗಿದ್ದುವು. ಅಕ್ಸಾಯ್ ಚಿನ್ ಪ್ರದೇಶದಲ್ಲಿ ಚೀನ ರಸ್ತೆ ಮಾಡಿದ ಸಂಗತಿ ಹೊರಬಿದ್ದಿತ್ತು. ಇತ್ತ 1961ರ ಡಿಸೆಂಬರಿನಲ್ಲಿ ಗೋವೆ ವಿಮುಕ್ತವಾಗಿ ಮೆನನ್ನರ ಕೀರ್ತಿ ಏರಿತ್ತು. ದೇಶದ ರಕ್ಷಣೆ ಕೇಂದ್ರಪಟ್ಟಿಯ ಮೊದಲನೆಯ ವಿಷಯ; ಅಭ್ಯರ್ಥಿ ಅದೇ ಖಾತೆಯ ಮಂತ್ರಿ. ಲೋಕಸಭೆಯ ಚುನಾವಣೆಗೆ ಇದಕ್ಕಿಂತ ಉಚಿತವಾದ ವಿಷಯ ಸಿಗುವುದು ಕಷ್ಟ.

ಆದರೆ ಪ್ರಚಾರದ ಭರದಲ್ಲಿ ಪ್ರಶ್ನೆಯ ರೂಪ ಮಾರ್ಪಟ್ಟಿತು. ಹಿಮಾಲಯದ ಗಡಿಯಲ್ಲಿ ನಮ್ಮ ಸೈನ್ಯ ಸಜ್ಜಾಗಿದೆಯೆ, ರಕ್ಷಣಾ ಇಲಾಖೆಯ ಆಡಳಿತ ಹೇಗಿದೆ ಎಂಬುದು ಕೇಳಬೇಕಾಗಿದ್ದ ಪ್ರಶ್ನೆ. ಜನರ ಮುಂದೆ ಬಂದದ್ದು ನೀವು ನೆಹರೂ ಅವರ ಪಕ್ಷವೋ ಅಲ್ಲವೋ ಎಂಬ ಪ್ರಶ್ನೆ. ಪ್ರಧಾನಿಯವರೇ ಮೆನನ್ನರ ಪರವಾಗಿ ಪ್ರಚಾರಕ್ಕೆ ಬಂದು, ಮೆನನ್ನರಿಗೆ ವಿರುದ್ಧವಾದ ಮತ ತಮ್ಮ ನೀತಿಗೇ ವಿರುದ್ಧವಾದ ಮತವೆಂಬ ಅಭಿಪ್ರಾಯ ಕೊಟ್ಟರು. ವಿರೋಧಪಕ್ಷದವರೂ ಮೆನನ್ನರ ವ್ಯಕ್ತಿತ್ವವನ್ನೇ ಗುರಿಮಾಡಿಕೊಂಡು ಇದೇ ರೂಪವನ್ನು ಬಲಪಡಿಸಿದರು. ಮೆನನ್ನರು 1 ಲಕ್ಷ 45 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಅದೇ ವರ್ಷದ ಅಕ್ಟೋಬರ್ 20ರಂದು ಚೀನದ ಆಕ್ರಮಣ ಆರಂಭವಾಯಿತು. ನವೆಂಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಮೆನನ್ನರು ಸಚಿವಸಂಪುಟದಿಂದ ಹೊರಗಿದ್ದರು. ಕೃಪಲಾನಿಯವರು 1963ರಲ್ಲಿ ಅಮ್ರೋಹಾ ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದುಬಂದು ಅದೇ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮೊಟ್ಟಮೊದಲ ಅವಿಶ್ವಾಸ ಸೂಚನೆಯನ್ನು ಮಂಡಿಸಿದರು.

ಮೆನನ್ನರನ್ನು ಆರಿಸಿದ್ದು ತಪ್ಪೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಉತ್ತರ ಮುಂಬಯಿಯ ಜನ ಬೇರೆ ತೀರ್ಪು ಕೊಟ್ಟಿದ್ದರೆ ಎಂಟು ತಿಂಗಳಲ್ಲಿ ಸೈನ್ಯ ಸಜ್ಜಾಗಿಬಿಡುತ್ತಿತ್ತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. ಹೇಳಬಹುದಾದುದು ಇಷ್ಟು: ಆಡಳಿತದ ಪ್ರಶ್ನೆ ನಿಷ್ಠೆಯ ಪ್ರಶ್ನೆಯಾಗಿ ಮಾರ್ಪಟ್ಟರೆ ಅದಕ್ಕೆ ಸಿಗುವ ಉತ್ತರದಿಂದ ಆಡಳಿತಕ್ಕೆ ಪ್ರಯೋಜನವಿಲ್ಲ. 1949ರ ನವೆಂಬರ್ 25ರಂದು ಸಂವಿಧಾನಸಭೆಯಲ್ಲಿ ಡಾ. ಅಂಬೇಡ್ಕರರು ಕೊಟ್ಟ ಎಚ್ಚರಿಕೆಯೂ ಇದೇ ಬಗೆಯದು. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾದೀತು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ತಾತ್ಪರ್ಯ. ಆ ಎಚ್ಚರಿಕೆ ಕೊಟ್ಟವರೇ 1952ರಲ್ಲಿ ಮುಂಬಯಿಯ ಮತದಾರರಿಂದ ಸೋಲನ್ನು ಪಡೆದರು.

5

ಅದೇ ಊರು, ಐದು ವರ್ಷಗಳ ಬಳಿಕ. 1962ರಲ್ಲಿ ಸ್ಪರ್ಧಿಸಿದ ಇಬ್ಬರಲ್ಲಿ ಮೆನನ್ನರು ಕೋಳಿಕ್ಕೋಡಿನವರು. ಕೃಪಲಾನಿಯವರು ಸಿಂಧದ ಹೈದರಾಬಾದಿನವರು. ಇಬ್ಬರೂ ಹೊರಗಿನವರು, ಅದು ನಿರ್ಣಾಯಕವಾದ ವಿಷಯವೆಂದು ಅಂದು ಎಣಿಕೆಗೆ ಬರಲಿಲ್ಲ. 1967ರಲ್ಲಾದರೋ ಮೆನನ್ನರು ಹೊರಗಿನವರೆಂಬುದು ಪಕ್ಷದೊಳಗೇ ಆಕ್ಷೇಪವಾಯಿತು. ಕಾಂಗ್ರೆಸ್ಸು ಅವರಿಗೆ ಟಿಕೆಟ್ಟು ಕೊಡಲಿಲ್ಲ. ಅವರು ಪಕ್ಷವನ್ನು ಬಿಟ್ಟು ಸ್ವತಂತ್ರರಾಗಿ ನಿಂತರು. 1966ರ ಜೂನ್ 19ರಂದು ಸ್ಥಾಪನೆಯಾದ ಶಿವಸೇನೆ ಆಗ ಮುಂಬಯಿಯ ದಕ್ಷಿಣ ಭಾರತೀಯರ ವಿರುದ್ಧ, ವಿಶೇಷವಾಗಿ ಕಚೇರಿಗಳ ಗುಮಾಸ್ತೆ ಕೆಲಸಗಳನ್ನು ಕುರಿತು, ಚಳವಳಿ ನಡೆಸುತ್ತಿತ್ತು. ಅದು ಕಾಂಗ್ರೆಸ್ಸಿನ ಅಭ್ಯರ್ಥಿ ಸ. ಗೋ. ಬರ್ವೆಯವರಿಗೆ ಬೆಂಬಲವಾಗಿ ನಿಂತಿತು. ಮೆನನ್ನರು ಸೋತರು. ಕೆಲವೇ ದಿನಗಳಲ್ಲಿ ಬರ್ವೆಯವರು ತೀರಿಕೊಂಡಾಗ ನಡೆದ ಉಪಚುನಾವಣೆಯಲ್ಲಿ ಬರ್ವೆಯವರ ಸೋದರಿ ತಾರಾ ಸಪ್ರೆಯವರ ಎದುರಿನಲ್ಲಿಯೂ ಸೋತರು.

ಈ ಸೋಲಿಗೆ ಹುಟ್ಟೊಂದೇ ಕಾರಣವೆಂದು ಹೇಳಲಾಗದು. 1962ರ ಯುದ್ಧದ ನೆರಳು ಮೆನನ್ನರ ಮೇಲೆ ಇದ್ದೇ ಇತ್ತು. ಬರ್ವೆಯವರೂ ಸಾಮಾನ್ಯರಲ್ಲ. ಐ.ಸಿ.ಎಸ್. ಅಧಿಕಾರಿಯಾಗಿ, ಮಹಾರಾಷ್ಟ್ರದ ಮಂತ್ರಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ಕೆಲಸಮಾಡಿದ ದಕ್ಷ ಆಡಳಿತಗಾರರು. ಮೆನನ್ನರ ರಕ್ಷಣಾ ಆಡಳಿತವನ್ನೂ ಬರ್ವೆಯವರ ರಾಜ್ಯ ಆಡಳಿತವನ್ನೂ ತಕ್ಕಡಿಯಲ್ಲಿಟ್ಟು ತೂಗಿದ್ದರೆ ಅದೊಂದು ಆದರ್ಶ ಚುನಾವಣೆಯಾಗಬಹುದಾಗಿತ್ತು. ನೆಲದ ಮಗನೋ ಅಲ್ಲವೋ ಎಂಬ ಪ್ರಶ್ನೆ ಮುಂದೆ ಬಂದುದರಿಂದ ಮೆನನ್ನರ ದೋಷಗಳ ಸರಿಯಾದ ವಿಚಾರಣೆಯೂ ನಡೆಯಲಿಲ್ಲ, ಬರ್ವೆಯವರ ಗುಣಗಳಿಗೆ ಸಲ್ಲಬೇಕಾದ ಮನ್ನಣೆಯೂ ಸಲ್ಲಲಿಲ್ಲ. ಅನುಚಿತವಾದ ವಿಷಯದ ಸ್ವಭಾವವೇ ಇಂಥದು. ಅದು ಸೋತವನಿಗೆ ಅನ್ಯಾಯ ಮಾಡುವಂತೆ ಗೆದ್ದವನಿಗೂ ಅನ್ಯಾಯ ಮಾಡುತ್ತದೆ.

ಅದೇ 1967ರಲ್ಲಿ ಅದೇ ನಗರದ ದಕ್ಷಿಣ ಕ್ಷೇತ್ರದಲ್ಲಿ ಇನ್ನೊಂದು ಫಲಿತಾಂಶ ಬಂತು. ಮೂರು ಸಲ ಮೇಯರಾಗಿ, ಕೇಂದ್ರದಲ್ಲಿ ಮಂತ್ರಿಯಾಗಿ, ಮುಂಬಯಿಯ ಕಾಂಗ್ರೆಸ್ಸನ್ನು ಬಹುಕಾಲ ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದ ಸ. ಕಾ. ಪಾಟೀಲರನ್ನು ಮಂಗಳೂರಿನಲ್ಲಿ ಹುಟ್ಟಿದ ಕಾರ್ಮಿಕ ಮುಂದಾಳು ಜಾರ್ಜ್ ಫರ್ನಾಂಡಿಸರು ಸೋಲಿಸಿದರು. ಕೊಂಕಣದಲ್ಲಿ ಹುಟ್ಟಿದ ಪಾಟೀಲರಿಗೆ ನೆಲದ ಬಲ ಕಡಿಮೆಯಿರಲಿಲ್ಲ. ಆದರೆ 1961ರಿಂದ ನಗರಪಾಲಿಕೆಯ ಸದಸ್ಯರಾಗಿ, ಟ್ಯಾಕ್ಸಿ ಚಾಲಕರೇ ಮೊದಲಾದ ದುಡಿಮೆಗಾರರನ್ನು ಸಂಘಟಿಸಿದ ಫರ್ನಾಂಡಿಸರನ್ನು ಆ ಮತದಾರರು ಎಲ್ಲಿಂದ ಬಂದೆ ಎಂದು ಕೇಳಲಿಲ್ಲ. ನಮಗಾಗಿ ಏನು ಮಾಡಿದೆ ಎಂದು ಕೇಳಿದರು. ಹುಟ್ಟಿದ ನೆಲ ನಗರದ ಒಂದು ತುದಿಯಲ್ಲಿ ನಿರ್ಣಾಯಕವಾಗಿ, ಇನ್ನೊಂದು ತುದಿಯಲ್ಲಿ ನಿರರ್ಥಕವಾದುದನ್ನು ನೋಡಿದರೆ ಅದು ಮತದಾರನಿಗೆ ಸ್ವಭಾವಸಿದ್ಧವಾದ ವಿಷಯವಲ್ಲ, ಎಬ್ಬಿಸಿದವರಿದ್ದಲ್ಲಿ ಏಳುವ ವಿಷಯವೆಂದು ತಿಳಿಯುತ್ತದೆ.

ಹೊರನಾಡ ಕನ್ನಡಿಗರು ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಬೇಕು. ಮೆನನ್ನರ ಮೇಲೆ ಪ್ರಯೋಗಿಸಿದ ಪ್ರಶ್ನೆ ವಾಸ್ತವವಾಗಿ ನಮ್ಮ ಮೇಲೂ ಪ್ರಯೋಗವಾದ ಪ್ರಶ್ನೆ. ಆ ವರ್ಷಗಳಲ್ಲಿ ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲುಗಳಿಗೂ ಮೂಲ ಅದೇ. ಹೀಗಿದ್ದೂ ನಮ್ಮಲ್ಲಿ ಹಲವರು ಚುನಾವಣೆ ಬಂದಾಗ ಮೊದಲು ಕೇಳುವುದು, ಅಭ್ಯರ್ಥಿಗಳಲ್ಲಿ ಕನ್ನಡದವರು ಯಾರಾದರೂ ಇದ್ದಾರೆಯೆ ಎಂದು. ಇದರ ಹಿಂದೆ ಇರುವ ವಾತ್ಸಲ್ಯ ಅರ್ಥವಾಗತಕ್ಕದ್ದೇ. ಆದರೆ ಅಭ್ಯರ್ಥಿಯ ಹುಟ್ಟುಭಾಷೆಯೇ ನಿರ್ಣಾಯಕವೆಂದು ನಾವು ಒಪ್ಪಿದ ಕ್ಷಣದಲ್ಲಿ, ನಮಗಿಂತ ಹತ್ತು ಪಾಲು ಹೆಚ್ಚಿರುವ ಬೇರೆ ಭಾಷೆಯವರೂ ಅದನ್ನೇ ನಿರ್ಣಾಯಕ ಮಾಡಿಕೊಳ್ಳುವ ಹಕ್ಕನ್ನು ಒಪ್ಪಿದಂತಾಯಿತು. ಆ ಲೆಕ್ಕದಲ್ಲಿ ಅಲ್ಪಸಂಖ್ಯಾತನಿಗೆ ಗೆಲುವಿಲ್ಲ. ನಮ್ಮ ಮೇಲೆ ಪ್ರಯೋಗಿಸಿದರೆ ನಾವು ಅನ್ಯಾಯವೆನ್ನುವ ವಿಷಯವನ್ನು ನಾವು ಇನ್ನೊಬ್ಬರ ಮೇಲೆ ಪ್ರಯೋಗಿಸಬಾರದೆಂಬ ಈ ಪರಸ್ಪರತೆಯ ಔಚಿತ್ಯವೇ ಎಲ್ಲ ಮಾನದಂಡಗಳಲ್ಲಿ ನಮಗೆ ಅತ್ಯಂತ ಅವಶ್ಯವಾದುದೆಂದು ತೋರುತ್ತದೆ.

6

ಇನ್ನು ಕಾಲೌಚಿತ್ಯ. ಚುನಾವಣೆಯಲ್ಲಿ ಮಾಡಿದ ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ತೆರಿಗೆಯನ್ನು ಏರಿಸಿದವರನ್ನು ಐದು ವರ್ಷಗಳ ಬಳಿಕ ಇಳಿಸಿ ತೆರಿಗೆಯನ್ನೂ ಇಳಿಸಬಹುದು. ಆದರೆ ಮುಳುಗಿದ ಕಣಿವೆಯನ್ನಾಗಲಿ ಕಡಿದ ಮಲೆಯನ್ನಾಗಲಿ ಮುಂದಿನ ಚುನಾವಣೆ ಮರಳಿ ತರಲಾರದು. ತಿದ್ದಲಾಗದ ಪರಿಣಾಮವುಳ್ಳ ವಿಷಯಕ್ಕೆ, ಅದು ಇಂದು ಎಷ್ಟು ಕ್ಷೀಣಸ್ವರದಲ್ಲಿ ಕೇಳಿಬಂದರೂ, ಹೆಚ್ಚಿನ ತೂಕ ಸಲ್ಲಬೇಕು.

ಇದಕ್ಕೆ ಕನ್ನಡನಾಡಿನಿಂದಲೇ ನಿದರ್ಶನ ಕೊಡಬಹುದು. ಡಾ. ಶಿವರಾಮ ಕಾರಂತರು 1989ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಪರಿಸರದ ಪ್ರಶ್ನೆಯೇ, ಅದರಲ್ಲೂ ಕಾಳಿ ನದಿಯ ಬಳಿಯ ಕೈಗಾದ ಅಣುವಿದ್ಯುತ್ ಸ್ಥಾವರದ ಪ್ರಶ್ನೆಯೇ ಅವರು ಮುಂದಿಟ್ಟ ವಿಷಯ. ಅಣುಶಕ್ತಿ ಕೇಂದ್ರಪಟ್ಟಿಗೆ ಸೇರಿದ್ದು. ಆದುದರಿಂದ ಅವರು ಆರಿಸಿಕೊಂಡ ಸ್ಥಾನವೂ ಉಚಿತವಾದುದೇ. ಅವರು ಸೋತರು. 1994ರಲ್ಲಿ ನಿರ್ಮಾಣದಲ್ಲಿದ್ದ ಒಂದು ಘಟಕದ ಗುಮ್ಮಟದ ಭಾಗ ಕುಸಿಯಿತು. 2000ದಲ್ಲಿ ಮೊದಲ ಎರಡು ಘಟಕಗಳು ವಿದ್ಯುತ್ತನ್ನು ಕೊಡತೊಡಗಿದುವು. 2018ರಲ್ಲಿ ಒಂದು ಘಟಕ 962 ದಿನ ಎಡೆಬಿಡದೆ ನಡೆದು ದಾಖಲೆ ಮಾಡಿತು. ಕಾರಂತರ ಭೀತಿ ಎಷ್ಟು ಸಾಧುವೆಂಬುದನ್ನು ಕುರಿತು ಆದಕಾರಣ ಭಿನ್ನಾಭಿಪ್ರಾಯಕ್ಕೆ ಎಡೆಯಿದೆ. ನಮಗೆ ಬೇಕಾದ ಅಂಶ ಬೇರೆ. ಅಂದು ಬೇರೆ ಅಭ್ಯರ್ಥಿಗಳು ಎತ್ತಿದ ಹಲವು ವಿಷಯಗಳನ್ನು ಅನಂತರದ ಚುನಾವಣೆಗಳಲ್ಲಿ ಮತ್ತೆ ಎತ್ತಲು ಸಾಧ್ಯವಿತ್ತು. ಕೈಗಾದಲ್ಲಿ ಸ್ಥಾವರ ಬೇಕೆ ಬೇಡವೆ ಎಂಬುದನ್ನು ಮಾತ್ರ ಅದು ಎದ್ದುನಿಂತ ಮೇಲೆ ಮತಕ್ಕೆ ಹಾಕಲು ಸಾಧ್ಯವಿರಲಿಲ್ಲ. ಸ್ಥಾವರ ಬೇಕೆನ್ನುವ ಮತದಾರನೂ ಆ ಚುನಾವಣೆಯಲ್ಲಿ ಅದನ್ನೇ ಮೊದಲ ವಿಷಯವಾಗಿ ತೂಗಿ ಬೇಕೆನ್ನಬೇಕಾಗಿತ್ತು.

7

ಈ ವಿವೇಚನೆಗೆ ಮೂರು ಆಕ್ಷೇಪಗಳು ಬರಬಹುದು.

ಅಭ್ಯರ್ಥಿಯ ಶೀಲವೇ ಮುಖ್ಯ, ವಿಷಯಗಳೆಲ್ಲ ಆಮೇಲೆ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನ ಕಷ್ಟವಲ್ಲ. ಶೀಲವು ಇತರ ವಿಷಯಗಳೊಡನೆ ತೂಗಬೇಕಾದ ಇನ್ನೊಂದು ವಿಷಯವಲ್ಲ. ಅದು ತಕ್ಕಡಿಗೆ ಏರುವುದಕ್ಕೆ ಬೇಕಾದ ಅರ್ಹತೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಫಲವಾಗಿ ಅಭ್ಯರ್ಥಿಗಳು ತಮ್ಮ ಮೇಲಿನ ಅಪರಾಧ ಮೊಕದ್ದಮೆಗಳನ್ನೂ ಆಸ್ತಿಪಾಸ್ತಿಯನ್ನೂ ಪ್ರಮಾಣಪತ್ರದಲ್ಲಿ ತಿಳಿಸಬೇಕಾಗಿದೆ. ಅದನ್ನು ಓದಿ ಜೊಳ್ಳನ್ನು ತೂರಿದ ಬಳಿಕವೇ ವಿಷಯಗಳ ತೂಕ ಆರಂಭವಾಗತಕ್ಕದ್ದು.

ಎರಡನೆಯ ಆಕ್ಷೇಪ ಗಂಭೀರವಾದುದು. ಪರಸ್ಪರತೆಯ ಮಾನದಂಡ ಬಲಿಷ್ಠರಿಗೆ ಅನುಕೂಲವಲ್ಲವೆ? ಶತಮಾನಗಳಿಂದ ಸಭೆಯೊಳಕ್ಕೆ ಪ್ರವೇಶವಿಲ್ಲದವರು ತಮ್ಮವನನ್ನು ಕಳುಹಿಸುವುದೇ ಮುಖ್ಯ ವಿಷಯವೆಂದರೆ ತಪ್ಪೆ? ತಪ್ಪಲ್ಲ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ಕೊಡುವಾಗ ಯುವಕ ಅಂಬೇಡ್ಕರರು ಎತ್ತಿದ ವಾದ ಇದೇ. ಅಸ್ಪೃಶ್ಯರ ನೋವನ್ನು ಅಸ್ಪೃಶ್ಯರೇ ಸಭೆಯಲ್ಲಿ ಹೇಳಬೇಕು ಎಂಬುದು. ಈ ಬೇಡಿಕೆ ಪರಸ್ಪರತೆಯನ್ನು ಮೀರುವುದಿಲ್ಲ. ಏಕೆಂದರೆ ಒಳಗೆ ಬರುವೆನೆಂದು ಕೇಳುವುದಕ್ಕೂ ಇನ್ನೊಬ್ಬನನ್ನು ಹೊರಗಿಡೆಂದು ಕೇಳುವುದಕ್ಕೂ ಅಂತರವಿದೆ. ಮೊದಲನೆಯದನ್ನು ಎಲ್ಲರೂ ಎಲ್ಲರಿಗೂ ಒಪ್ಪಬಹುದು. ಎರಡನೆಯದನ್ನು ಒಪ್ಪಿದ ಸಮಾಜದಲ್ಲಿ ಯಾರ ಸ್ಥಾನವೂ ಭದ್ರವಲ್ಲ.

ಮೂರನೆಯ ಆಕ್ಷೇಪ ನಮ್ಮವರದೇ. ಹಾಗಾದರೆ ಭಾಷೆಯ ವಿಷಯವನ್ನು ಚುನಾವಣೆಯಲ್ಲಿ ಎತ್ತಲೇಬಾರದೆ? ಎತ್ತಬೇಕು, ಆದರೆ ನೀತಿಯ ವಿಷಯವಾಗಿ ಎತ್ತಬೇಕು, ಹುಟ್ಟಿನ ವಿಷಯವಾಗಿ ಅಲ್ಲ. ಕನ್ನಡ ಶಾಲೆಗೆ ಅಧ್ಯಾಪಕರನ್ನು ಕೊಡುವೆಯಾ ಎಂಬ ಪ್ರಶ್ನೆಗೆ ಮರಾಠಿಗನೂ ಗುಜರಾತಿಯೂ ಹೌದೆಂದು ಹೇಳಬಹುದು, ಕನ್ನಡಿಗನೇ ಇಲ್ಲವೆಂದೂ ಹೇಳಬಹುದು. ನಿನ್ನ ಮನೆಮಾತು ಯಾವುದು ಎಂಬ ಪ್ರಶ್ನೆಯಿಂದ ಒಂದು ಶಾಲೆಯೂ ಉಳಿಯುವುದಿಲ್ಲ.

8

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೆಯ ಪ್ರಕರಣದ ಮೂರನೆಯ ಉಪಪ್ರಕರಣ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆ ಇವುಗಳ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟಾಚರಣೆಯೆಂದು ಎಣಿಸುತ್ತದೆ. ಅಭ್ಯರ್ಥಿಯ ಭಾಷೆ ಮಾತ್ರವೋ ಮತದಾರನ ಭಾಷೆಯೂ ಇದರಲ್ಲಿ ಸೇರಿತೋ ಎಂಬ ಸಂದೇಹ ಬಹುಕಾಲ ಉಳಿದಿತ್ತು. ಮುಂಬಯಿಯ ಸಾಂತಾಕ್ರೂಜ್ ಕ್ಷೇತ್ರದ 1990ರ ಚುನಾವಣೆಯಿಂದ ಹುಟ್ಟಿದ ಅಭಿರಾಮ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ತೀರ್ಪು ಕೊಟ್ಟಿತು. ಮತದಾರನ ಭಾಷೆಯ ಹೆಸರಿನಲ್ಲಿ ಮತ ಕೇಳುವುದೂ ನಿಷಿದ್ಧವೆಂದು ನಾಲ್ವರು ನಿರ್ಣಯಿಸಿದರು. ಉಳಿದ ಮೂವರು ಭಿನ್ನಮತ ಬರೆದು, ಜಾತಿ ಭಾಷೆಗಳ ಕಾರಣದಿಂದ ಜನ ಅನುಭವಿಸುವ ಅನ್ಯಾಯಗಳ ಚರ್ಚೆಯನ್ನು ಚುನಾವಣೆಯಿಂದ ಹೊರಗಿಡಲಾಗದೆಂಬ ಕಡೆಗೆ ಒತ್ತುಕೊಟ್ಟರು. ಮೇಲೆ ನಾವು ಹುಟ್ಟಿಗೂ ನೀತಿಗೂ ಎಳೆದ ಗೆರೆಯನ್ನು ನೆನೆದರೆ, ಎರಡೂ ಅಭಿಪ್ರಾಯಗಳಲ್ಲಿ ಸತ್ಯಾಂಶವಿರುವುದು ಕಂಡುಬರುತ್ತದೆ. ಕಾನೂನು ಅಭ್ಯರ್ಥಿಯ ನಾಲಗೆಯನ್ನು ಕಟ್ಟಬಹುದು; ಮತಯಂತ್ರದ ಮರೆಯಲ್ಲಿ ನಿಂತ ಪ್ರಜೆಯ ಮನಸ್ಸಿನಲ್ಲಿ ಯಾವ ವಿಷಯ ಮುಂದಿದೆಯೆಂದು ಅದು ವಿಚಾರಿಸಲಾರದು. ಅಲ್ಲಿ ಪ್ರಜೆಯೇ ನ್ಯಾಯಪೀಠ.

ಆದುದರಿಂದ ಒಂದು ಸೂಚನೆಯೊಡನೆ ಈ ಲೇಖನವನ್ನು ಮುಗಿಸಬಹುದು. ನಮ್ಮ ಸಂಘಸಂಸ್ಥೆಗಳಲ್ಲಿ ಚುನಾವಣೆಯ ಕಾಲಕ್ಕೆ ಅಭ್ಯರ್ಥಿಗಳನ್ನು ಕರೆಸಿ ಹಾರಹಾಕುವ ಪದ್ಧತಿಯುಂಟು. ಅದಕ್ಕಿಂತ ಮೊದಲು, ಅಭ್ಯರ್ಥಿಗಳ ಹೆಸರುಗಳು ಹೊರಬೀಳುವುದಕ್ಕೂ ಮುಂಚೆ, ಸದಸ್ಯರು ಒಂದೆಡೆ ಕುಳಿತು ಈ ಸ್ಥಾನಕ್ಕೆ ಸಂಬಂಧಿಸಿದ ವಿಷಯಗಳು ಯಾವುವು, ಅವುಗಳಲ್ಲಿ ತಿದ್ದಲಾಗದಂಥವು ಯಾವುವು, ನಮ್ಮ ಮೇಲೆ ಪ್ರಯೋಗಿಸಿದರೂ ನಾವು ಒಪ್ಪುವಂಥವು ಯಾವುವು ಎಂದು ಪಟ್ಟಿಮಾಡುವುದು ಲೇಸು. ಹೆಸರುಗಳು ಬಂದ ಮೇಲೆ ಮಾಡಿದ ಪಟ್ಟಿಯಲ್ಲಿ ಮೆಚ್ಚಿದವನಿಗೆ ಒಪ್ಪುವ ವಿಷಯಗಳೇ ಮೇಲೇರುತ್ತವೆ. ಹೆಸರಿಗಿಂತ ಮುಂಚೆ ಮಾಡಿದ ಪಟ್ಟಿ ಅಭ್ಯರ್ಥಿಯನ್ನು ಪರೀಕ್ಷಿಸುವಂತೆ ನಮ್ಮನ್ನೂ ಪರೀಕ್ಷಿಸುತ್ತದೆ.